ಬೂನ್ ಅಂತ ಅಡ್ಡಹೆಸರಿದ್ದರೆ ಡೇನಿಯಲ್ ಬೂನನ ವಂಶವೇನಾ?

ನದಿದಂಡೆ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಮಿಸ್ಸೋರಿ ರಾಜ್ಯದ ಸೇಂಟ್ ಚಾರ್ಲ್ಸ್ ಕೌಂಟಿಯಲ್ಲಿ. ಇಲ್ಲಿ ಡೇನಿಯಲ್ ಬೂನನ ಹೆಸರು ಎಲ್ಲಿ ನೋಡಿದರೂ ಕಾಣುತ್ತದೆ. ಕೆಂಟಕಿಗೆ ದಾರಿ ಕಡಿದವನು ಅಂತ ಅವನು ಪ್ರಸಿದ್ಧ. ಆದರೆ ಕೊನೆಯ ಇಪ್ಪತ್ತು ವರ್ಷ ಕಳೆದದ್ದು ಈ ಕಡೆಯೇ. ಕಿರಿಮಗ ನೇಥನ್ ಕಟ್ಟಿಸಿದ ಕಲ್ಲಿನ ಮನೆ ಡಿಫಯನ್ಸ್ ಹತ್ತಿರ ಇನ್ನೂ ಗಟ್ಟಿಯಾಗಿದೆ. 1820ರ ಸೆಪ್ಟೆಂಬರ್ 26ರಂದು ಬೂನ್ ಸತ್ತದ್ದು ಆ ಮನೆಯಲ್ಲೇ.

ವಿಷಯ ಏನೆಂದರೆ, ನನಗೆ ಪರಿಚಯದ ಹಿರಿಯರೊಬ್ಬರ ಅಡ್ಡಹೆಸರು ಬೂನ್. ತಾವು ಡೇನಿಯಲ್‌ನ ನೇರ ಸಂತಾನ ಅಂತ ಅವರ ನಂಬಿಕೆ. ಅವರ ಹತ್ತಿರ ಟೈಪ್ ಮಾಡಿದ ಒಂದು ಹಾಳೆ ಇದೆ. ಮೇಲೆ ಡೇನಿಯಲ್, ಅವನ ಕೆಳಗೆ ಇಸ್ರೇಲ್, ಅದರ ಕೆಳಗೆ ಜೆಸ್ಸಿ, ಆಮೇಲೆ ದಕ್ಷಿಣ ಇಂಡಿಯಾನಾದಲ್ಲಿದ್ದ ಒಂದು ಸಂಸಾರ. ಹಾಳೆಯಲ್ಲಿ ಇಸವಿ ಕಮ್ಮಿ, ಬಾಣದ ಗುರುತು ಜಾಸ್ತಿ. ಇದನ್ನು ನಂಬಬಹುದಾ? ವಂಶವೃಕ್ಷದ ಕೆಲಸ ಗೊತ್ತಿರುವವರು ಹೇಳಿ.

ಸುಮ್ನೆಬಂದೆ:
ಬೂನ್ ಅಂದರೆ ಕರಡಿಚರ್ಮದ ಟೋಪಿ ಹಾಕಿಕೊಂಡು ಕಾಡಲ್ಲಿ ಓಡಾಡುತ್ತಿದ್ದನಲ್ಲ, ಅವನೇನಾ?

ಹಳೇಪುಟ:
ಅವನೇ. ಆದರೆ ಟಿವಿಯಲ್ಲಿ ಕಂಡದ್ದು ರಕೂನ್ ಚರ್ಮದ ಟೋಪಿ. ನಿಜವಾದ ಬೂನ್‌ಗೆ ಆ ಟೋಪಿ ಇಷ್ಟವಿರಲಿಲ್ಲ, ಅವನು ಹಾಕುತ್ತಿದ್ದದ್ದು ಫೆಲ್ಟ್ ಹ್ಯಾಟ್. ಅದು ಹಾಗಿರಲಿ.

ನದಿದಂಡೆ ಅವರೇ, ನಿಮ್ಮ ಹಾಳೆ ಎರಡನೇ ಸಾಲಿಗೇ ಮುರಿದುಬೀಳುತ್ತದೆ. ಡೇನಿಯಲ್‌ನ ಮಗ ಇಸ್ರೇಲ್ 1759ರಲ್ಲಿ ಹುಟ್ಟಿದವನು. 1782ರ ಆಗಸ್ಟ್ 19ರಂದು ಕೆಂಟಕಿಯ ಬ್ಲೂ ಲಿಕ್ಸ್ ಕಾಳಗದಲ್ಲಿ ಸತ್ತ. ಅಪ್ಪನ ಪಕ್ಕದಲ್ಲೇ ಗುಂಡು ತಗುಲಿತು. ಆಗ ಅವನಿಗೆ 23 ವರ್ಷ, ಮದುವೆ ಆಗಿರಲಿಲ್ಲ. ಅವನಿಂದ ಬಳ್ಳಿ ಮುಂದೆ ಹಬ್ಬುವುದು ಹೇಗೆ?

ಡೇನಿಯಲ್ ಮತ್ತು ರೆಬೆಕಾ ಬ್ರಯನ್ ಮದುವೆ 1756ರ ಆಗಸ್ಟ್ 14ರಂದು ಆಯಿತು. ಹತ್ತು ಮಕ್ಕಳು. ಗಂಡುಮಕ್ಕಳು ಆರು: ಜೇಮ್ಸ್, ಇಸ್ರೇಲ್, ಡೇನಿಯಲ್ ಮಾರ್ಗನ್, ಜೆಸ್ಸಿ, ವಿಲಿಯಂ, ನೇಥನ್. ಇವರಲ್ಲಿ ಜೇಮ್ಸ್ 1773ರ ಅಕ್ಟೋಬರ್‌ನಲ್ಲಿ, ಕೆಂಟಕಿಗೆ ಹೊರಟ ಮೊದಲ ಗುಂಪಿನ ದಾರಿಯಲ್ಲೇ ಕೊಲೆಯಾದ. ಆಗಿನ್ನೂ ಹದಿನಾರರ ಹುಡುಗ. ವಿಲಿಯಂ ಹಸುಗೂಸಾಗಿದ್ದಾಗಲೇ ಹೋಯಿತು. ಇಸ್ರೇಲ್ ಕಥೆ ಮೇಲೆ ಹೇಳಿದೆ. ಉಳಿದವರು ಮೂವರೇ. ಅಂದರೆ ಬೂನ್ ಅಡ್ಡಹೆಸರು ಇಟ್ಟುಕೊಂಡು ಡೇನಿಯಲ್‌ನಿಂದ ಗಂಡು ಸಾಲಿನಲ್ಲಿ ಇಳಿದು ಬಂದಿರಬೇಕಾದರೆ ಡೇನಿಯಲ್ ಮಾರ್ಗನ್, ಜೆಸ್ಸಿ, ಇಲ್ಲ ನೇಥನ್, ಈ ಮೂರು ಬಾಗಿಲಲ್ಲಿ ಒಂದನ್ನು ದಾಟಿಯೇ ಬಂದಿರಬೇಕು. ನಾಲ್ಕನೆಯದು ಇಲ್ಲ.

ನದಿದಂಡೆ:
ಹಾಗಾದರೆ ಹಾಳೆಯಲ್ಲಿ ಇಸ್ರೇಲ್, ಅವನ ಮಗ ಜೆಸ್ಸಿ ಅಂತ ಯಾಕೆ ಬಂತು? ಯಾರೋ ಸುಮ್ನೆ ಬರೆದರಾ?

ಹಳೇಪುಟ:
ಸುಮ್ನೆ ಬರೆದದ್ದಲ್ಲ. ಇಲ್ಲೇ ಇರುವುದು ಮಜಾ.

ಡೇನಿಯಲ್‌ಗೆ ಇಸ್ರೇಲ್ ಅಂತಲೇ ಒಬ್ಬ ಅಣ್ಣನಿದ್ದ. 1726ರಲ್ಲಿ ಹುಟ್ಟಿ 1756ರಲ್ಲಿ ತೀರಿಕೊಂಡವನು. ಅವನ ಅನಾಥ ಗಂಡುಮಕ್ಕಳು ಜೆಸ್ಸಿ ಮತ್ತು ಜೊನಾಥನ್. ಆಗಷ್ಟೇ ಮದುವೆಯಾಗಿದ್ದ ಡೇನಿಯಲ್ ಮತ್ತು ರೆಬೆಕಾ ಈ ಇಬ್ಬರನ್ನೂ ತಮ್ಮ ಮನೆಗೇ ಕರೆದುಕೊಂಡು ಸಾಕಿದರು. ಆಮೇಲೆ 1773ರಲ್ಲಿ ತಮಗೇ ಒಬ್ಬ ಮಗ ಹುಟ್ಟಿದಾಗ ಅವನಿಗೂ ಜೆಸ್ಸಿ ಅಂತ ಹೆಸರಿಟ್ಟರು. ಒಂದೇ ದಂಪತಿ ಸಾಕಿದ ಇಬ್ಬರು ಜೆಸ್ಸಿ ಬೂನ್, ಮನೆತನದಲ್ಲಿ ಇಬ್ಬರು ಇಸ್ರೇಲ್ ಬೂನ್. ನೂರು ವರ್ಷದ ನಂತರ ಯಾರೋ ಮೊಮ್ಮಕ್ಕಳು ‘ನಮ್ಮ ಜೆಸ್ಸಿ ತಾತ ಡೇನಿಯಲ್ ಬೂನನ ಮನೆಯಲ್ಲಿ ಬೆಳೆದ’ ಅಂತ ಕೇಳಿಸಿಕೊಂಡು, ಅದನ್ನು ‘ಡೇನಿಯಲ್ ಮಗ’ ಅಂತ ಬರೆದಿದ್ದರೆ ಆಶ್ಚರ್ಯವಿಲ್ಲ. ಅಣ್ಣನ ಮಗ, ಸಾಕಿದ ಮಗ, ಸ್ವಂತ ಮಗ, ಹಾಳೆಯ ಮೇಲೆ ಮೂರಕ್ಕೂ ಒಂದೇ ಬಾಣ ಸಾಕು.

ರೆಬೆಕಾ ಇಷ್ಟಕ್ಕೇ ನಿಲ್ಲಲಿಲ್ಲ. ಮುಂದೆ ತನ್ನ ತವರಿನ ಕಡೆಯ ತಾಯಿಯಿಲ್ಲದ ಮಕ್ಕಳನ್ನೂ ಸಾಕಿದಳು. ಹಾಗಾಗಿ ಆ ಮನೆಯಲ್ಲಿ ಬೆಳೆದವರ ಪಟ್ಟಿ ಬೇರೆ, ಆ ಮನೆಯಲ್ಲಿ ಹುಟ್ಟಿದವರ ಪಟ್ಟಿ ಬೇರೆ.

ದಕ್ಷಿಣ ಇಂಡಿಯಾನಾ ಅಂದಿರಿ. ಅಲ್ಲಿ ಮೊದಲು ನೋಡಬೇಕಾದದ್ದು ಡೇನಿಯಲ್‌ನ ತಮ್ಮ ಸ್ಕ್ವಾಯರ್ ಬೂನ್ ಸಂಸಾರವನ್ನು. ಅವನು ಗಂಡುಮಕ್ಕಳನ್ನು ಕಟ್ಟಿಕೊಂಡು ಇಂಡಿಯಾನಾದ ಹ್ಯಾರಿಸನ್ ಕೌಂಟಿಗೆ ಹೋಗಿ ನೆಲೆಸಿ, 1815ರಲ್ಲಿ ಅಲ್ಲೇ ಸತ್ತ. ಅವನ ಹೆಸರಿನ ಗುಹೆಗಳು ಈಗಲೂ ಪ್ರವಾಸಿಗಳು ಹೋಗುವ ಜಾಗ. ಇನ್ನೊಂದು ಎಚ್ಚರ, ಅಪ್ಪನ ಹೆಸರೂ ಸ್ಕ್ವಾಯರ್, ತಮ್ಮನ ಹೆಸರೂ ಸ್ಕ್ವಾಯರ್.

ಸುಮ್ನೆಬಂದೆ:
ಒಂದೇ ಹೆಸರು ಇಟ್ಟು ಇಟ್ಟು ಇವರಿಗೇ ಗೊಂದಲ ಆಗುತ್ತಿರಲಿಲ್ವಾ?

ಹಳೇಪುಟ:
ಅವರು ‘ಸೀನಿಯರ್’, ‘ಜೂನಿಯರ್’ ಅಂತ ಬರೆಯುತ್ತಿದ್ದರು. ಅದೂ ನಮಗೆ ಗುಂಡಿಯೇ. ಆ ಕಾಲದ ದಾಖಲೆಯಲ್ಲಿ ಜೂನಿಯರ್ ಅಂದರೆ ಮಗನೇ ಆಗಬೇಕಿಲ್ಲ. ಅದೇ ಊರಿನಲ್ಲಿರುವ ಅದೇ ಹೆಸರಿನ ಕಿರಿಯನಾದರೂ ಸಾಕು, ಅಣ್ಣನ ಮಗನೂ ಆಗಬಹುದು.

ಎಷ್ಟು ಜನ ಬೂನ್‌ಗಳಿದ್ದರು ಅನ್ನುವುದಕ್ಕೆ ಒಂದು ಅಚ್ಚುಕಟ್ಟಾದ ಲೆಕ್ಕ ಸಿಗುತ್ತದೆ. ಡೇನಿಯಲ್‌ನ ತಾತ ಜಾರ್ಜ್ ಬೂನ್ ಇಂಗ್ಲೆಂಡಿನ ಡೆವನ್ ಸೀಮೆಯ ಬ್ರಾಡ್‌ನಿಂಚ್‌ನವನು, ಕ್ವೇಕರ್ ಅನ್ನುವ ಕ್ರೈಸ್ತ ಪಂಥದವನು. 1717ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದ. ದೊಡ್ಡ ಮಕ್ಕಳು ಮೂವರನ್ನು ಮುಂಚೆಯೇ ಕಳಿಸಿ, ಊರು ಹೇಗಿದೆ ಅಂತ ತಿಳಿದುಕೊಂಡು ಆಮೇಲೆ ಹೊರಟವನು. ಅವನು 1744ರಲ್ಲಿ ಸತ್ತಾಗ ಎಷ್ಟು ಮಂದಿ ಬದುಕಿದ್ದರು ಅಂತ ಅವನ ಮೊಮ್ಮಗ ಜೇಮ್ಸ್ ಬರೆದಿಟ್ಟಿದ್ದಾನೆ. ಈ ಜೇಮ್ಸ್ ಗಣಿತದಲ್ಲಿ ಗಟ್ಟಿಗ. 8 ಮಕ್ಕಳು, 52 ಮೊಮ್ಮಕ್ಕಳು, 10 ಮರಿಮಕ್ಕಳು, ಒಟ್ಟು 70. ಬೈಬಲ್ಲಿನ ಯಾಕೋಬನ ಮನೆಯಿಂದ ಈಜಿಪ್ಟಿಗೆ ಹೋದವರಷ್ಟೇ ಜನ ಅಂತ ಅವನೇ ಟಿಪ್ಪಣಿ ಹಾಕಿದ್ದಾನೆ. ಆ 52ರಲ್ಲಿ ನಮ್ಮ ಡೇನಿಯಲ್ ಒಬ್ಬ, ಆಗ ಒಂಬತ್ತು ವರ್ಷದ ಹುಡುಗ. ಅಮೆರಿಕದ ಬೂನ್‌ಗಳಲ್ಲಿ ಎಷ್ಟು ಮಂದಿ ಉಳಿದ 51 ಜನರ ಕಡೆಯವರಿರಬಹುದು, ನೀವೇ ಯೋಚಿಸಿ. ಅಡ್ಡಹೆಸರು ಇಲ್ಲಿ ಅತಿ ದುರ್ಬಲ ಸಾಕ್ಷಿ.

ಬಯಾಲಜಿಮೇಷ್ಟ್ರು:
ಇದೆಲ್ಲ ಯಾಕೆ ಸ್ವಾಮಿ, ಡಿಎನ್‌ಎ ಟೆಸ್ಟ್ ಮಾಡಿಸಲಿ ಬಿಡಿ ಅಂತ ಯಾರಾದರೂ ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ. ಅದರಿಂದ ಅರ್ಧ ಉತ್ತರ ಮಾತ್ರ ಸಿಗುತ್ತದೆ.

ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ ಹೆಚ್ಚುಕಮ್ಮಿ ಹಾಗೇ ಇಳಿಯುತ್ತದೆ. ಆ ಹಿರಿಯರದ್ದು ಬೂನ್ ಮನೆತನದ ವೈ ಹೌದೋ ಅಲ್ಲವೋ ತಿಳಿಯಬಹುದು. ಆದರೆ ಡೇನಿಯಲ್, ಅವನ ಅಣ್ಣ ಇಸ್ರೇಲ್, ತಮ್ಮ ಸ್ಕ್ವಾಯರ್, ಎಲ್ಲರದ್ದೂ ಒಂದೇ ವೈ. ತಾತ ಜಾರ್ಜ್‌ನ ಎಲ್ಲ ಗಂಡು ಸಾಲುಗಳದ್ದೂ ಅದೇ. ‘ಈ ಮನೆತನದವರು’ ಅಂತ ಹೇಳುವ ಟೆಸ್ಟ್, ‘ಈ ಮನೆಯ ಈ ಮಗನ ಕಡೆಯವರು’ ಅಂತ ಹೇಳುವುದಿಲ್ಲ.

ಇನ್ನು ಮಾಮೂಲಿ ಎಂಜಲು ಟೆಸ್ಟ್, ಎಲ್ಲ ಕ್ರೋಮೋಸೋಮ್ ನೋಡುವಂಥದ್ದು. ಏಳೆಂಟು ತಲೆಮಾರಿನ ಹಿಂದಿನವರಿಂದ ನಮಗೆ ಬಂದಿರುವ ಪಾಲು ಒಂದು ಪರ್ಸೆಂಟಿಗೂ ಕಮ್ಮಿ. ಕೆಲವರಿಂದ ಏನೂ ಬಂದಿರುವುದೇ ಇಲ್ಲ.

ಗೌರಮ್ಮನಮೊಮ್ಮಗಳು:
ಎಲ್ಲರೂ ಗಂಡುಮಕ್ಕಳ ಬಾಗಿಲನ್ನೇ ಎಣಿಸುತ್ತಿದ್ದೀರಲ್ಲ! ಹತ್ತರಲ್ಲಿ ನಾಲ್ಕು ಹೆಣ್ಣು. ಸುಸಾನಾ, ಜೆಮೈಮಾ, ಲೆವಿನಾ, ರೆಬೆಕಾ. ನಾಲ್ವರೂ ದೊಡ್ಡವರಾಗಿ ಮದುವೆಯಾದವರು. ಹೇಸ್, ಕ್ಯಾಲವೇ, ಶೋಲ್, ಗೋ ಅಂತ ಅಡ್ಡಹೆಸರಿರುವ ಎಷ್ಟೋ ಮನೆಗಳಲ್ಲಿ ಡೇನಿಯಲ್‌ನ ನಿಜವಾದ ಸಂತಾನ ಇದೆ. ಬೂನ್ ಅನ್ನುವ ಹೆಸರಷ್ಟೇ ಇಲ್ಲ. ಮಿಸ್ಸೋರಿಯಲ್ಲಿ ಕ್ಯಾಲವೇ ಕೌಂಟಿ ಅಂತಲೇ ಇದೆಯಲ್ಲ, ಅದು ಜೆಮೈಮಾಳ ಮಗ ಜೇಮ್ಸ್ ಕ್ಯಾಲವೇ ಹೆಸರು. 1815ರಲ್ಲಿ ಲೂಟರ್ ಕ್ರೀಕ್ ಹತ್ತಿರ ಹೊಡೆದಾಟದಲ್ಲಿ ಸತ್ತವನು. ಡೇನಿಯಲ್‌ನ ಸ್ವಂತ ಮೊಮ್ಮಗ. ನಕ್ಷೆ ನೋಡಿದವರಿಗೆ ಅದು ಹೊಳೆಯುವುದೇ ಇಲ್ಲ.

ಜೆಮೈಮಾಳ ಬಗ್ಗೆ ನನಗೆ ವಿಶೇಷ ಪ್ರೀತಿ. 1776ರ ಜುಲೈ 14, ಭಾನುವಾರ. ಕೆಂಟಕಿಯ ಬೂನ್ಸ್‌ಬರೋ ಕೋಟೆಯ ಹತ್ತಿರ ಕ್ಯಾಲವೇ ಮನೆಯ ಬೆಟ್ಸಿ ಮತ್ತು ಫ್ಯಾನಿ ಜೊತೆ ದೋಣಿಯಲ್ಲಿ ಹೋಗಿದ್ದಾಗ ಅಲ್ಲಿನ ಮೂಲನಿವಾಸಿಗಳಾದ ಚೆರೋಕಿ ಮತ್ತು ಶಾನೀ ಜನರ ಗುಂಪು ಮೂವರನ್ನೂ ಹಿಡಿದುಕೊಂಡು ಹೋಯಿತು. ಹುಡುಗಿಯರು ದಾರಿಯುದ್ದಕ್ಕೂ ರೆಂಬೆ ಮುರಿಯುತ್ತ, ಬಟ್ಟೆಯ ಚೂರು ಉದುರಿಸುತ್ತ ಹೋದರು. ಎರಡು ದಿನದ ಮೇಲೆ ಬಿಡಿಸಿಕೊಂಡು ಬಂದರು. ಮುಂದೆ ಜೆಮೈಮಾ ಮದುವೆಯಾದದ್ದು ಅದೇ ಕ್ಯಾಲವೇ ಬಳಗದ ಫ್ಲ್ಯಾಂಡರ್ಸ್‌ನನ್ನು. 1778ರಲ್ಲಿ ಶಾನೀ ಜನ ಡೇನಿಯಲ್‌ನನ್ನೇ ಸೆರೆಹಿಡಿದರು. ಅವನು ಸತ್ತೇ ಹೋದ ಅಂತ ರೆಬೆಕಾ ಮಕ್ಕಳನ್ನು ಕರೆದುಕೊಂಡು ಉತ್ತರ ಕೆರೊಲಿನಾದ ತವರಿಗೆ ಹೊರಟುಹೋದಳು. ಕೋಟೆಯಲ್ಲಿ ಉಳಿದದ್ದು ಜೆಮೈಮಾ. ಜೂನ್‌ನಲ್ಲಿ ಅಪ್ಪ ತಪ್ಪಿಸಿಕೊಂಡು ಬಂದಾಗ ಮನೆಯವರು ಅಂತ ಇದ್ದವಳು ಅವಳೊಬ್ಬಳೇ.

ಸುಮ್ನೆಬಂದೆ:
ಈ ಜೆಮೈಮಾ ಡೇನಿಯಲ್‌ನ ಮಗಳೇ ಅಲ್ಲ ಅಂತ ಎಲ್ಲೋ ಓದಿದ ನೆನಪು. ನಿಜವಾ?

ಹಳೇಪುಟ:
ಈ ಪ್ರಶ್ನೆ ಬಂದೇ ಬರುತ್ತದೆ ಅಂತ ಗೊತ್ತಿತ್ತು. ಹಳೆಯ ಊರಮಾತು ಅದು. ಬೂನ್ ಬಹಳ ಕಾಲ ಬೇಟೆಗೆ ಹೋಗಿದ್ದ, ಬಂದಾಗ ತೊಟ್ಟಿಲಲ್ಲಿ ಮಗು ಇತ್ತು, ಅವನ ತಮ್ಮನೇ ಅಪ್ಪ, ಬೂನ್ ‘ಹೋಗಲಿ ಬಿಡು, ಮನೆಯವರೇ ತಾನೆ’ ಅನ್ನುವ ಅರ್ಥದಲ್ಲಿ ಏನೋ ಹೇಳಿ ಮಗುವನ್ನು ಎತ್ತಿಕೊಂಡ ಅಂತ. ಜೆಮೈಮಾ ಹುಟ್ಟಿದ್ದು 1762ರ ಅಕ್ಟೋಬರ್‌ನಲ್ಲಿ. ಕಥೆ ಹೇಳಿದವರಲ್ಲಿ ತಮ್ಮ ಯಾರು ಅನ್ನುವುದರ ಬಗ್ಗೆಯೂ ಒಮ್ಮತವಿಲ್ಲ, ಬೂನ್ ಎಷ್ಟು ಕಾಲ ಮನೆಯಲ್ಲಿರಲಿಲ್ಲ ಅನ್ನುವುದರ ಬಗ್ಗೆಯೂ ಇಲ್ಲ. ಆ ಕಾಲದ ಕಾಗದ ಒಂದೂ ಇದನ್ನು ಹೇಳುವುದಿಲ್ಲ. ಎಲ್ಲವೂ ಎಷ್ಟೋ ವರ್ಷದ ಮೇಲೆ ಬರೆಸಿದ ಮಾತು. ವಂಶವೃಕ್ಷದಲ್ಲಿ ನಾನಂತೂ ಅವಳನ್ನು ಡೇನಿಯಲ್‌ನ ಮಗಳು ಅಂತಲೇ ಬರೆಯುತ್ತೇನೆ. ಅವನು ಹಾಗೇ ಸಾಕಿದ, ಅವಳೂ ಹಾಗೇ ಬದುಕಿದಳು.

ಬಯಾಲಜಿಮೇಷ್ಟ್ರು:
ಮತ್ತೆ, ಇದನ್ನು ಡಿಎನ್‌ಎಯಿಂದ ಬಗೆಹರಿಸೋಣ ಅಂತ ಹೊರಡಬೇಡಿ. ಜೆಮೈಮಾ ಹೆಣ್ಣು, ಅವಳಿಗೆ ವೈ ಇಲ್ಲ. ಇದ್ದಿದ್ದರೂ ಅಣ್ಣತಮ್ಮಂದಿರದ್ದು ಒಂದೇ ಆಗಿರುತ್ತಿತ್ತು. ತಾಯಿಯ ಕಡೆಯ ಮೈಟೋಕಾಂಡ್ರಿಯಾ ರೆಬೆಕಾಳನ್ನು ತೋರಿಸುತ್ತದೆ. ಅಮ್ಮ ಯಾರು ಅಂತ ಯಾರಿಗೂ ಅನುಮಾನವಿರಲಿಲ್ಲವಲ್ಲ!

ಗೌರಮ್ಮನಮೊಮ್ಮಗಳು:
ಮೇಷ್ಟ್ರೇ, ಅದಕ್ಕಿಂತ ದೊಡ್ಡ ಗಂಟು ಇನ್ನೊಂದಿದೆ. ಊರಮಾತಿನಲ್ಲಿ ಜಾಸ್ತಿ ಕೇಳಿಬರುವ ಹೆಸರು ತಮ್ಮ ಎಡ್ವರ್ಡ್‌ದು, ನೆಡ್ ಅಂತ ಕರೆಯುತ್ತಿದ್ದರು. ನೆಡ್‌ನ ಹೆಂಡತಿ ಮಾರ್ಥಾ ಬ್ರಯನ್. ರೆಬೆಕಾಳ ಒಡಹುಟ್ಟಿದವಳು! ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಮದುವೆಯಾಗಿದ್ದರು. ಇಷ್ಟೇ ಅಲ್ಲ. ಡೇನಿಯಲ್‌ನ ತಂಗಿ ಮೇರಿಯನ್ನು ರೆಬೆಕಾಳ ಚಿಕ್ಕಪ್ಪ ವಿಲಿಯಂ ಬ್ರಯನ್‌ಗೆ ಕೊಟ್ಟಿತ್ತು. ಹಾಗಾಗಿ ಮೇರಿ ರೆಬೆಕಾಗೆ ನಾದಿನಿಯೂ ಹೌದು, ಚಿಕ್ಕಮ್ಮನೂ ಹೌದು. ನಮ್ಮ ಅಜ್ಜಿ ಇದ್ದಿದ್ದರೆ ಈ ಸಂಬಂಧವನ್ನು ಒಂದೇ ಉಸಿರಿಗೆ ಬಿಡಿಸಿ ಹೇಳುತ್ತಿದ್ದರು. ಅಮೆರಿಕದವರು ಮಾತ್ರ ಚಾರ್ಟ್ ಮುಂದೆ ಕೂತು ತಲೆ ಕೆರೆದುಕೊಳ್ಳುತ್ತಾರೆ.

ಬಯಾಲಜಿಮೇಷ್ಟ್ರು:
ಸರಿಯಾಗಿ ಹೇಳಿದಿರಿ. ಅಣ್ಣತಮ್ಮ ಅಕ್ಕತಂಗಿಯರನ್ನು ಮದುವೆಯಾದರೆ ಅವರ ಮಕ್ಕಳು ಸರಾಸರಿ 25 ಪರ್ಸೆಂಟ್ ಡಿಎನ್‌ಎ ಹಂಚಿಕೊಳ್ಳುತ್ತಾರೆ. ಅಪ್ಪನೊಬ್ಬ, ಅಮ್ಮಂದಿರು ಬೇರೆ ಇರುವ ಮಕ್ಕಳೂ ಅಷ್ಟೇ ಹಂಚಿಕೊಳ್ಳುವುದು. ಆದ್ದರಿಂದ ನೆಡ್‌ನ ಸಂತಾನ ಡಿಎನ್‌ಎ ಕಣ್ಣಿಗೆ ಡೇನಿಯಲ್‌ನ ಸಂತಾನದ ಹಾಗೇ ಕಾಣುತ್ತದೆ. ಬೂನ್ ಗುರುತೂ ಸಿಗುತ್ತದೆ, ಬ್ರಯನ್ ಗುರುತೂ ಸಿಗುತ್ತದೆ. ಜನ ಎರಡೂ ಸಿಕ್ಕಿತು ಅಂತ ಸಂಭ್ರಮಪಟ್ಟು ಡೇನಿಯಲ್ ಹೆಸರು ಬರೆದುಬಿಡುತ್ತಾರೆ. ಕೊನೆಗೆ ಕಾಗದವೇ ಗತಿ.

ನದಿದಂಡೆ:
ಸರಿ, ಕಾಗದ ಎಲ್ಲಿ ಹುಡುಕಬೇಕು? ಅದನ್ನಾದರೂ ಹೇಳಿ.

ಹಳೇಪುಟ:
ಕೆಳಗಿನಿಂದ ಮೇಲಕ್ಕೆ ಹೋಗಲಿ. ಮೇಲಿನಿಂದ, ಅಂದರೆ ಡೇನಿಯಲ್‌ನಿಂದ ಕೆಳಗೆ ಇಳಿದು ಬರುವುದು ಆಸೆಯ ದಾರಿ, ಎಲ್ಲಿಗೆ ಬೇಕೋ ಅಲ್ಲಿಗೇ ಬಂದು ನಿಲ್ಲುತ್ತದೆ. 1880ರ ಜನಗಣತಿಯಲ್ಲಿ ಮನೆಯ ಯಜಮಾನನಿಗೆ ಪ್ರತಿಯೊಬ್ಬರೂ ಏನಾಗಬೇಕು ಅಂತ ಇದೆ, ಅಪ್ಪ ಅಮ್ಮ ಯಾವ ರಾಜ್ಯದಲ್ಲಿ ಹುಟ್ಟಿದವರು ಅಂತಲೂ ಇದೆ. 1850ರದ್ದರಲ್ಲಿ ಮನೆಯಲ್ಲಿರುವವರ ಹೆಸರು, ವಯಸ್ಸು, ಹುಟ್ಟಿದ ರಾಜ್ಯ ಸಿಗುತ್ತವೆ. ಅದಕ್ಕಿಂತ ಹಿಂದಿನ ಗಣತಿಗಳಲ್ಲಿ ಯಜಮಾನನ ಹೆಸರು ಮಾತ್ರ, ಉಳಿದವರು ಬರೀ ಸಂಖ್ಯೆ. ಕೆಂಟಕಿಗೆ ಬಂದರೆ ಇನ್ನೂ ಕಷ್ಟ. 1790 ಮತ್ತು 1800ರ ಗಣತಿಯ ಪಟ್ಟಿಗಳು ಉಳಿದೇ ಇಲ್ಲ. ತೆರಿಗೆ ಪಟ್ಟಿಗಳನ್ನು ಇಟ್ಟುಕೊಂಡು ಕೆಲಸ ಮಾಡಬೇಕು.

ಕೌಂಟಿಯ ಗಡಿಗಳನ್ನೂ ನೋಡಿಕೊಳ್ಳಿ. ಸಂಸಾರ ಅಲ್ಲಾಡದಿದ್ದರೂ ಕೌಂಟಿ ಬದಲಾಗುತ್ತದೆ. ಡೇನಿಯಲ್ ಹುಟ್ಟಿದ ಪೆನ್ಸಿಲ್ವೇನಿಯಾದ ಎಕ್ಸಿಟರ್ ಆಗ ಫಿಲಡೆಲ್ಫಿಯಾ ಕೌಂಟಿ, 1752ರ ನಂತರ ಬರ್ಕ್ಸ್. ಕೆಂಟಕಿ ಅನ್ನುವುದು ಮೊದಲು ವರ್ಜೀನಿಯಾದ ಫಿನ್‌ಕ್ಯಾಸಲ್ ಕೌಂಟಿಯ ತುಂಡು. ಆಮೇಲೆ ಕೆಂಟಕಿ ಕೌಂಟಿ. 1780ರಲ್ಲಿ ಅದು ಫೇಯೆಟ್, ಜೆಫರ್ಸನ್, ಲಿಂಕನ್ ಅಂತ ಮೂರಾಯಿತು. 1792ರಲ್ಲಿ ರಾಜ್ಯ ಆಯಿತು. ಒಂದೇ ಜಮೀನಿನ ಕಾಗದ ಎರಡು ಮೂರು ಕಚೇರಿಗಳಲ್ಲಿ ಚೂರುಚೂರಾಗಿ ಇರಬಹುದು.

ಹಳೆಯ ತಲೆಮಾರಿಗೆ ಕ್ವೇಕರ್ ಸಭೆಯ ನಡಾವಳಿ ಪುಸ್ತಕ ಚಿನ್ನ. ಸುಖವಾಗಿದ್ದ ಸಂಸಾರದ ಬಗ್ಗೆ ಅದರಲ್ಲಿ ಒಂದೆರಡು ಸಾಲು, ತಕರಾರು ಇದ್ದವರ ಬಗ್ಗೆ ಪುಟಗಟ್ಟಲೆ. 1742ರಲ್ಲಿ ಡೇನಿಯಲ್‌ನ ದೊಡ್ಡಕ್ಕ ಸಾರಾ ಪಂಥದ ಹೊರಗಿನವನನ್ನು ಮದುವೆಯಾದಳು, ಆಗಲೇ ಬಸುರಿ. ಅಪ್ಪ ಸ್ಕ್ವಾಯರ್ ಸಭೆಯ ಮುಂದೆ ಕ್ಷಮೆ ಕೇಳಿದ. 1747ರಲ್ಲಿ ಅಣ್ಣ ಇಸ್ರೇಲ್‌ನೂ ಹೊರಗಿನವಳನ್ನೇ ಕಟ್ಟಿಕೊಂಡ. ಈ ಸಲ ಸ್ಕ್ವಾಯರ್ ತಲೆಬಾಗಲಿಲ್ಲ. ಅವನನ್ನು ಪಂಥದಿಂದ ಹೊರಹಾಕಿದರು. 1750ರಲ್ಲಿ ಜಮೀನು ಮಾರಿ ದಕ್ಷಿಣಕ್ಕೆ ಹೊರಟರು, ಉತ್ತರ ಕೆರೊಲಿನಾದ ಯಾಡ್ಕಿನ್ ಕಣಿವೆಗೆ. ಆ ಜಗಳ ಆಗದೇ ಇದ್ದಿದ್ದರೆ ಡೇನಿಯಲ್ ಪೆನ್ಸಿಲ್ವೇನಿಯಾದಲ್ಲೇ ಅಪ್ಪನ ಹಾಗೆ ಕಮ್ಮಾರಿಕೆಯೋ ನೇಯ್ಗೆಯೋ ಮಾಡಿಕೊಂಡು ಇದ್ದುಬಿಡುತ್ತಿದ್ದನೇನೋ.

ಈ ಪುಸ್ತಕಗಳಲ್ಲಿ ತಾರೀಖು ಓದುವಾಗ ಹುಷಾರು. ಕ್ವೇಕರ್‌ಗಳು ತಿಂಗಳಿಗೆ ಹೆಸರು ಬರೆಯುವುದಿಲ್ಲ, ಅಂಕಿ ಬರೆಯುತ್ತಾರೆ. 1752ಕ್ಕೆ ಮುಂಚೆ ಅವರ ಮೊದಲನೇ ತಿಂಗಳು ಮಾರ್ಚ್. ಎಂಟನೇ ತಿಂಗಳು ಅಂತ ಕಂಡರೆ ಅದು ಆಗಸ್ಟ್ ಅಲ್ಲ, ಅಕ್ಟೋಬರ್. ಡೇನಿಯಲ್ ಹುಟ್ಟಿದ್ದು 1734ರ ಅಕ್ಟೋಬರ್ 22, ಕ್ಯಾಲೆಂಡರ್ ಬದಲಾದ ಮೇಲೆ ಹನ್ನೊಂದು ದಿನ ಸೇರಿ ನವೆಂಬರ್ 2. ಅವನು ಮಾತ್ರ ಕೊನೆತನಕ ಅಕ್ಟೋಬರ್ ತಾರೀಖನ್ನೇ ಹೇಳುತ್ತಿದ್ದ. ಎರಡು ತಾರೀಖು ಕಂಡು ಇಬ್ಬರು ಡೇನಿಯಲ್ ಅಂದುಕೊಂಡವರೂ ಇರಬಹುದು.

ಮಾತಿನ ದಾಖಲೆ ಬೇಕಾದರೆ ಲೈಮನ್ ಡ್ರೇಪರ್ ಅನ್ನುವ ಇತಿಹಾಸಕಾರ ಕೂಡಿಹಾಕಿದ ಕಾಗದಗಳಿವೆ. ಆತ 1851ರಲ್ಲಿ ಮಿಸ್ಸೋರಿಗೆ ಹೋಗಿ ನೇಥನ್ ಮತ್ತು ಅವನ ಹೆಂಡತಿ ಆಲಿವ್ ಮುಂದೆ ಕೂತು ಪುಟಗಟ್ಟಲೆ ಬರೆದುಕೊಂಡ. ಎಲ್ಲವೂ ಈಗ ವಿಸ್ಕಾನ್ಸಿನ್ ಹಿಸ್ಟಾರಿಕಲ್ ಸೊಸೈಟಿಯಲ್ಲಿವೆ, ಮೈಕ್ರೋಫಿಲ್ಮ್ ಬೇರೆ ಲೈಬ್ರರಿಗಳಲ್ಲೂ ಸಿಗುತ್ತದೆ.

ಕೆಂಪುಮಣ್ಣು:
ಚೆನ್ನಾಗಿ ಓದಿಸಿಕೊಂಡು ಹೋಯಿತು. ಒಂದು ತಕರಾರು ಇದೆ. 1773ರಲ್ಲಿ ಜೇಮ್ಸ್ ಕೊಲೆಯಾದ ಅಂತ ಒಂದೇ ಸಾಲಲ್ಲಿ ಹೇಳಿಬಿಟ್ಟಿರಿ. ಆ ರಾತ್ರಿಯ ಕಥೆ ನಮಗೆ ತಿಳಿದದ್ದು ಯಾರಿಂದ? ಆ್ಯಡಂ ಅನ್ನುವ ಗುಲಾಮನಿಂದ. ಅವನು ಬೂನ್‌ನ ಜೊತೆಗಾರ ರಸೆಲ್‌ಗೆ ಸೇರಿದವನು. ಹೊಳೆಯ ದಂಡೆಯಲ್ಲಿ ಕೊಚ್ಚಿಬಂದ ಮರದ ರಾಶಿಯ ಸಂದಿಯಲ್ಲಿ ಅಡಗಿ ಎಲ್ಲವನ್ನೂ ಕಣ್ಣಾರೆ ನೋಡಿದ. ಆ್ಯಡಂನ ಅಪ್ಪ ಯಾರು, ಮಕ್ಕಳು ಯಾರು ಅಂತ ಯಾರ ವಂಶವೃಕ್ಷದಲ್ಲಿದೆ? ಡೇನಿಯಲ್ ಬೂನ್‌ನೂ ಗುಲಾಮರನ್ನು ಇಟ್ಟುಕೊಂಡವನೇ, 1787ರ ಹೊತ್ತಿಗೆ ಏಳು ಜನ. ನೀವು ಹೇಳಿದ ಅದೇ ತೆರಿಗೆ ಪಟ್ಟಿಗಳಲ್ಲಿ ಅವರು ಕುದುರೆ, ದನಗಳ ಪಕ್ಕ ಒಂದು ಅಂಕಿ. 1850ರ ಗಣತಿಯಲ್ಲಿ ಎಲ್ಲರ ಹೆಸರೂ ಸಿಗುತ್ತದೆ ಅಂತ ಓದಿದವರು ಅಂದುಕೊಂಡುಬಿಡುತ್ತಾರೆ. ಗುಲಾಮರಿಗೆ ಆಗಲೂ ಪ್ರತ್ಯೇಕ ಪಟ್ಟಿ. ಒಡೆಯನ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಬಣ್ಣ. ಅಷ್ಟೇ.

ಶಾನೀ ಜನರನ್ನೂ ಬರೀ ‘ಸೆರೆಹಿಡಿದವರು’ ಅಂತ ಮುಗಿಸಬೇಡಿ. ಅವರ ನಾಯಕ ಬ್ಲ್ಯಾಕ್‌ಫಿಶ್ ಬೂನನನ್ನು ಮಗನನ್ನಾಗಿ ದತ್ತು ತೆಗೆದುಕೊಂಡ, ಶೆಲ್ಟೋವಿ ಅಂತ ಹೆಸರಿಟ್ಟ. ಆ ನೆಲ ಅವರ ಬೇಟೆಯ ನೆಲ, ಅದನ್ನು ಉಳಿಸಿಕೊಳ್ಳಲು ಹೊಡೆದಾಡುತ್ತಿದ್ದರು. ವಂಶವೃಕ್ಷ ಬರೆಯುವುದಾದರೆ ಆ ದತ್ತು ಅಪ್ಪನಿಗೂ ಒಂದು ಮೂಲೆ ಕೊಡಿ.

ಹಳೇಪುಟ:
ಗುಲಾಮರ ಪಟ್ಟಿಯ ಮಾತು ಒಪ್ಪಿದೆ. ಅವರ ವಂಶ ಹುಡುಕುವವರು ಒಡೆಯನ ಉಯಿಲು, ಆಸ್ತಿ ಪಾಲು, ಮಾರಾಟದ ಪತ್ರ ಹಿಡಿದು ಹೋಗಬೇಕಾಗುತ್ತದೆ. ಬೂನ್ ಕಾಗದ ಅಂತ ತೆಗೆದು ಓದುವವರು ಅಲ್ಲಿ ಕಾಣುವ ಪ್ರತಿ ಹೆಸರನ್ನೂ ಬರೆದಿಟ್ಟರೆ ಯಾರಿಗೋ ಉಪಕಾರವಾಗುತ್ತದೆ. ದತ್ತು ಅಪ್ಪನ ವಿಷಯದಲ್ಲಿ ಮಾತ್ರ ನನಗೆ ಅಷ್ಟು ಖಚಿತವಿಲ್ಲ. ನಾಲ್ಕೈದು ತಿಂಗಳಲ್ಲಿ ತಪ್ಪಿಸಿಕೊಂಡು ಬಂದವನು ಅವನು. ಸೆಪ್ಟೆಂಬರ್‌ನಲ್ಲಿ ಅದೇ ಬ್ಲ್ಯಾಕ್‌ಫಿಶ್ ಕೋಟೆಗೆ ಮುತ್ತಿಗೆ ಹಾಕಿದ. ಟಿಪ್ಪಣಿಯಲ್ಲಿ ಹಾಕೋಣ, ಬಾಣ ಎಳೆಯುವುದು ಬೇಡ.

ಕೆಂಪುಮಣ್ಣು:
ಆ ಮುತ್ತಿಗೆಯ ಮಾತುಕತೆಯಲ್ಲೂ ಬ್ಲ್ಯಾಕ್‌ಫಿಶ್ ಇವನನ್ನು ಮಗ ಅಂತಲೇ ನಡೆಸಿಕೊಂಡ. ಬಾಣ ಎಳೆಯಬೇಕು ಅನ್ನುವವನು ನಾನು.

ನದಿದಂಡೆ:
ಸಮಾಧಿ ಮಿಸ್ಸೋರಿಯಲ್ಲಾ, ಕೆಂಟಕಿಯಲ್ಲಾ? ಎರಡೂ ಕಡೆ ಕಲ್ಲಿದೆಯಲ್ಲ.

ಗೌರಮ್ಮನಮೊಮ್ಮಗಳು:
ಮೊದಲು ಹೂಳಿದ್ದು ಮಿಸ್ಸೋರಿಯ ಮಾರ್ಥಾಸ್‌ವಿಲ್ ಹತ್ತಿರ, ಬ್ರಯನ್ ಮನೆಯವರ ಜಮೀನಿನ ಸ್ಮಶಾನದಲ್ಲಿ. ನೋಡಿ, ಸತ್ತ ಮೇಲೂ ಹೆಂಡತಿಯ ತವರಿನವರ ನೆಲ. ರೆಬೆಕಾ 1813ರಲ್ಲೇ ಹೋಗಿದ್ದಳು. 1845ರಲ್ಲಿ ಕೆಂಟಕಿಯವರು ಬಂದು ಇಬ್ಬರನ್ನೂ ಅಗೆದು ತಮ್ಮ ರಾಜಧಾನಿ ಫ್ರಾಂಕ್‌ಫರ್ಟ್‌ಗೆ ಒಯ್ದರು. ತಪ್ಪು ಎಲುಬು ಒಯ್ದರು ಅಂತ ಮಿಸ್ಸೋರಿಯವರು ಇವತ್ತಿಗೂ ಹೇಳುತ್ತಾರೆ. ಆಗ ತೆಗೆದ ತಲೆಬುರುಡೆಯ ಅಚ್ಚನ್ನು 1983ರಲ್ಲಿ ತಜ್ಞರೊಬ್ಬರು ನೋಡಿ, ಇದು ಆಫ್ರಿಕನ್ ಮೂಲದವರದ್ದಿರಬಹುದು ಅಂದಿದ್ದರು. ಎಲ್ಲರೂ ಅದನ್ನು ಒಪ್ಪಿಲ್ಲ.

ಕೆಂಪುಮಣ್ಣು:
ಹಾಗಿದ್ದರೆ ನಾನು ಮೇಲೆ ಕೇಳಿದ ಪ್ರಶ್ನೆಗೆ ಇನ್ನೊಂದು ಸೇರಿಸಿ, ಆ ಬುರುಡೆ ಯಾರದ್ದು?

ಸುಮ್ನೆಬಂದೆ:
ಕೊನೆಯದೊಂದು. ಅಬ್ರಹಾಂ ಲಿಂಕನ್‌ಗೂ ಬೂನ್‌ಗೂ ನೆಂಟಸ್ತಿಕೆ ಇತ್ತಂತೆ?

ಹಳೇಪುಟ:
ರಕ್ತಸಂಬಂಧ ಅಲ್ಲ, ಮದುವೆಯ ಸಂಬಂಧ. ಎರಡೂ ಮನೆಗಳು ಪೆನ್ಸಿಲ್ವೇನಿಯಾದ ಎಕ್ಸಿಟರ್‌ನಲ್ಲಿ ಅಕ್ಕಪಕ್ಕದವು. ಡೇನಿಯಲ್‌ನ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳ ಸಾಲಿನ ಆ್ಯನ್ ಬೂನ್ 1760ರಲ್ಲಿ ಮದುವೆಯಾದದ್ದು ಅಬ್ರಹಾಂ ಲಿಂಕನ್ ಅನ್ನುವವನನ್ನು. ಇವನು ಪ್ರೆಸಿಡೆಂಟ್ ಅಲ್ಲ, ಪ್ರೆಸಿಡೆಂಟ್‌ನ ಮುತ್ತಜ್ಜ ಜಾನ್ ಲಿಂಕನ್‌ಗೆ ಮಲತಮ್ಮ. ಪ್ರೆಸಿಡೆಂಟ್‌ನ ತಾತನ ಹೆಸರೂ ಅಬ್ರಹಾಂ ಲಿಂಕನ್ನೇ, ಆ ತಾತ ಕೆಂಟಕಿಗೆ ಹೋದವನು. ಮೂರು ಅಬ್ರಹಾಂಗಳನ್ನು ಬೇರೆ ಮಾಡಿ ಇಟ್ಟುಕೊಳ್ಳಿ.

ಸುಮ್ನೆಬಂದೆ:
ಬೇಡ ಸರ್, ನನಗೆ ಇಬ್ಬರು ಜೆಸ್ಸಿಯೇ ಸಾಕು.